ಸಂಕಟ ಎಂಬ ಪದದ ಎರಡು ಅರ್ಥ

ಕಾಸರಗೋಡು ಜಿಲ್ಲೆಯ ಪೂರ್ವದ ಗುಡ್ಡಗಳಲ್ಲಿ, ಗೇರುತೋಟಗಳ ಕೆಳಗಿನ ಮನೆಗಳಿಗೆ, ಕಳೆದ ಎರಡೂವರೆ ದಶಕಗಳಲ್ಲಿ ಪ್ರಶ್ನೆ ಹಿಡಿದು ಬಂದವರ ಸಂಖ್ಯೆ ಸಣ್ಣದಲ್ಲ. ಸರಕಾರದವರು ಬಂದರು, ವೈದ್ಯರು ಬಂದರು, ಪತ್ರಿಕೆಯವರು, ಸಂಘಟನೆಯವರು, ವಿಶ್ವವಿದ್ಯಾಲಯದವರು ಬಂದರು. ಹಲವರು ಕ್ಯಾಮರಾ ತಂದರು. ಎಲ್ಲರೂ ಕಾಗದ ತಂದರು. ಮನೆಯವರು ಚಾಪೆ ಹಾಸಿ ಕುಳ್ಳಿರಿಸಿದರು, ನೀರು ಬೆಲ್ಲ ಕೊಟ್ಟರು, ಕೇಳಿದ್ದಕ್ಕೆಲ್ಲ ಉತ್ತರಿಸಿದರು. ಬರೆದುಕೊಂಡವರು ಹೊರಟುಹೋದರು. ಬರೆದದ್ದೇನು, ಅದು ಎಲ್ಲಿಗೆ ತಲುಪಿತು ಎಂಬುದು ಬಹಳಷ್ಟು ಮನೆಗಳಿಗೆ ತಿಳಿಯಲೇ ಇಲ್ಲ.

ಇಂತಹ ಮನೆಗಳಿಗೆ ಇನ್ನೊಂದು ಪ್ರಶ್ನಾವಳಿಯನ್ನು ಹಿಡಿದುಕೊಂಡು ಹೊರಟವಳು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಆಕೆಯ ಮನೆಮಾತು ತುಳು. ಹತ್ತನೆಯ ತರಗತಿಯ ತನಕ ಕಲಿತದ್ದು ಗಡಿಯ ಹಳ್ಳಿಯೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ. ಬಳಿಕ ನರ್ಸಿಂಗ್ ಪದವಿ, ಎರಡು ವರ್ಷ ಆಸ್ಪತ್ರೆಯ ದುಡಿಮೆ, ಆಮೇಲೆ ಈ ಓದು. ಕೋರ್ಸಿನ ಕೊನೆಯ ಹಂತದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸ್ವತಂತ್ರ ಅಧ್ಯಯನ ಮಾಡಿ ಪ್ರಬಂಧ ಒಪ್ಪಿಸಬೇಕು. ಆಕೆ ಆರಿಸಿಕೊಂಡ ವಿಷಯ ರೋಗಿಗಳದ್ದಲ್ಲ, ರೋಗಿಗಳನ್ನು ನೋಡಿಕೊಳ್ಳುವವರದ್ದು. ಹಾಸಿಗೆ ಬಿಟ್ಟೇಳಲಾರದ ಮಕ್ಕಳನ್ನು ಹತ್ತು ಇಪ್ಪತ್ತು ವರ್ಷ ಎತ್ತಿ ಮೀಯಿಸಿ ಉಣ್ಣಿಸುವ ತಾಯಂದಿರ ದೇಹ ಮತ್ತು ಮನಸ್ಸಿನ ಮೇಲೆ ಬೀಳುವ ಭಾರ ಎಷ್ಟು? ಪಟ್ಟಿಯಲ್ಲಿ ಮಕ್ಕಳ ಹೆಸರಿದೆ. ತಾಯಂದಿರ ಬೆನ್ನುನೋವಿಗೆ ಪಟ್ಟಿಯಿಲ್ಲ. ವಿಷಯ ಹುಟ್ಟಿದ್ದು ಇಷ್ಟರಿಂದಲೇ.

ಹಿನ್ನೆಲೆಯನ್ನು ಇಲ್ಲಿನ ಓದುಗರಿಗೆ ದೀರ್ಘವಾಗಿ ಹೇಳಬೇಕಾಗಿಲ್ಲ. ಪ್ಲಾಂಟೇಷನ್ ಕಾರ್ಪೊರೇಷನ್ ಆಫ್ ಕೇರಳದ ಗೇರುತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ಬುಡದಲ್ಲಿ ಮನೆ. ಕುಡಿಯುವ ನೀರು ಬರುವುದು ಅದೇ ಗುಡ್ಡದ ಸುರಂಗಗಳಿಂದ, ತೋಡುಗಳಿಂದ. ಎಣ್ಮಕಜೆ ಪಂಚಾಯತಿನ ವಾಣೀನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನಕುಮಾರರು ಒಂದು ಚಿಕ್ಕ ಪ್ರದೇಶದಲ್ಲಿ ನರರೋಗ, ಬುದ್ಧಿಮಾಂದ್ಯ, ಅಂಗವೈಕಲ್ಯಗಳು ಒಟ್ಟೊಟ್ಟಿಗೆ ಕಾಣಿಸುತ್ತಿರುವುದನ್ನು ಗಮನಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ಬರೆದು ತಿಳಿಸಿದರು. ಜಿಲ್ಲೆಯ ದಕ್ಷಿಣಕ್ಕೆ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಅವರು 1998ರಲ್ಲಿ ಮುನ್ಸಿಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆಯಾಜ್ಞೆ ತಂದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧಿತ ವಿಷಗಳ ಸಾಲಿಗೆ ಸೇರಿಸಿದವು. ಅದೇ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ಮಧ್ಯಂತರ ತಡೆ ನೀಡಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಐದು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ, ಅದೇ ನ್ಯಾಯಾಲಯ ವಿಳಂಬಕ್ಕಾಗಿ ರಾಜ್ಯ ಸರಕಾರವನ್ನು ಕಟುವಾಗಿ ಪ್ರಶ್ನಿಸಬೇಕಾಯಿತು.

ಈ ಎಲ್ಲ ಘಟ್ಟಗಳಲ್ಲಿ ತೆರೆಯ ಹಿಂದೆ ನಿಂತು ಕೆಲಸ ಮಾಡಿದ ಶಾಸ್ತ್ರವೊಂದಿದೆ. ಅದರ ಹೆಸರು ಎಪಿಡೆಮಿಯಾಲಜಿ. ವೈದ್ಯನು ಒಬ್ಬ ರೋಗಿಯನ್ನು ನೋಡುತ್ತಾನೆ. ಈ ಶಾಸ್ತ್ರ ಊರನ್ನೇ ನೋಡುತ್ತದೆ. ರೋಗ ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು ಎಂದು ಲೆಕ್ಕ ಹಾಕಿ, ಬಂದವರಿಗೂ ಬಾರದವರಿಗೂ ಇರುವ ವ್ಯತ್ಯಾಸದಲ್ಲಿ ಕಾರಣವನ್ನು ಹುಡುಕುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿ ಮಾಡಿದ್ದು ಅದನ್ನೇ. ತೋಟದ ಬುಡದ ಹಳ್ಳಿಯ 10ರಿಂದ 19 ವರ್ಷದ 117 ಶಾಲಾಬಾಲಕರನ್ನೂ ಸಿಂಪಡಣೆಯ ಸೋಂಕಿಲ್ಲದ ಇನ್ನೊಂದು ಊರಿನ 90 ಬಾಲಕರನ್ನೂ ಪರೀಕ್ಷಿಸಿ ಹೋಲಿಸಿದರು. ಮೊದಲನೆಯ ಗುಂಪಿನಲ್ಲಿ ಪ್ರೌಢತೆಯ ಲಕ್ಷಣಗಳು ತಡವಾಗಿ ಮೂಡುತ್ತಿರುವುದು ಕಂಡುಬಂತು. ರಕ್ತಪರೀಕ್ಷೆಗೆ ಒಳಗಾದವರಲ್ಲಿ ಆ ಹಳ್ಳಿಯ ಶೇಕಡಾ 78 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶ ಸಿಕ್ಕಿತು. ಇನ್ನೊಂದು ಊರಿನವರಲ್ಲಿ ಅದು ಶೇಕಡಾ 29. 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಈ ಫಲಿತಾಂಶದ ಶಕ್ತಿ ಇದ್ದದ್ದು 117ರಲ್ಲಿ ಮಾತ್ರವಲ್ಲ, 90ರಲ್ಲಿ ಕೂಡ. ಹೋಲಿಸಲು ಇನ್ನೊಂದು ಊರು ಇಲ್ಲದಿದ್ದರೆ ಒಂದು ಊರಿನ ನೋವು ಅಂಕಿಯಾಗುವುದಿಲ್ಲ.

ವಿದ್ಯಾರ್ಥಿನಿಯ ಅಧ್ಯಯನಕ್ಕೆ ಇಷ್ಟು ದೊಡ್ಡ ಗುರಿ ಇರಲಿಲ್ಲ. ಆದರೂ ಲೆಕ್ಕದ ಶಿಸ್ತು ಅದೇ. ಎಷ್ಟು ಮನೆಗಳನ್ನು ನೋಡಿದರೆ ಸಾಕು ಎಂಬುದಕ್ಕೆ ಒಂದು ಸೂತ್ರವಿದೆ. ಒಂದು ತೊಂದರೆ ಅರ್ಧದಷ್ಟು ಜನರಲ್ಲಿ ಇರಬಹುದೆಂದು ಊಹಿಸಿ, ಶೇಕಡಾ 95ರ ಭರವಸೆಯಲ್ಲಿ, ಶೇಕಡಾ 5ರ ಹೆಚ್ಚುಕಡಿಮೆಯೊಳಗೆ ಉತ್ತರ ಬೇಕೆಂದರೆ, ಜನಸಂಖ್ಯೆ ಎಷ್ಟೇ ದೊಡ್ಡದಿರಲಿ, 384 ಮಂದಿಯನ್ನು ಕೇಳಿದರೆ ಸಾಕು. ಒಟ್ಟು ಮನೆಗಳೇ 1000 ಇದ್ದರೆ 278 ಸಾಕು. ಪ್ಲಸ್ ಟು ಗಣಿತ ತಿಳಿದ ಯಾವ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ ಇದು. ಕಷ್ಟವಿರುವುದು ಅದರ ಜೊತೆಗಿರುವ ಷರತ್ತಿನಲ್ಲಿ. ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಬೇಕು. ಚೀಟಿಯಲ್ಲಿ ಗುಡ್ಡದ ತುದಿಯ ಮನೆ ಬಂದರೆ ಗುಡ್ಡ ಹತ್ತಲೇಬೇಕು. ಬಾಗಿಲು ಹಾಕಿದ್ದರೆ ಮತ್ತೊಂದು ದಿನ ಹತ್ತಬೇಕು. ದಾರಿಬದಿಯ ಮನೆ ಸುಲಭವಾಗಿ ಸಿಗುತ್ತದೆಂದು ಅದನ್ನು ಸೇರಿಸುವಂತಿಲ್ಲ. ಏಕೆಂದರೆ ದಾರಿಬದಿಯ ತಾಯಿಗೆ ಆಟೋ ಸಿಗುತ್ತದೆ, ಗುಡ್ಡದ ಮೇಲಿನವಳು ಮಗನನ್ನು ಹೊತ್ತು ಇಳಿಯುತ್ತಾಳೆ. ಸುಲಭವಾಗಿ ಸಿಕ್ಕವರನ್ನಷ್ಟೇ ಕೇಳಿದರೆ ಕಷ್ಟ ಅರ್ಧ ಮಾಯವಾಗುತ್ತದೆ.

ಮೊದಲ ತೊಡಕು ಎದುರಾದದ್ದು ಭಾಷೆಯಲ್ಲಿ. ಯೋಜನೆಯನ್ನು ಪರಿಶೀಲಿಸಿದ ಹಿರಿಯರೊಬ್ಬರು, ಜಿಲ್ಲೆ ಕೇರಳದ್ದಾದ ಕಾರಣ ಮಲಯಾಳದ ಪ್ರಶ್ನಾವಳಿ ಸಾಕು, ಅದು ಮೊದಲೇ ಸಿದ್ಧವಾಗಿದೆ, ಎಲ್ಲರಿಗೂ ಮಲಯಾಳ ಅರ್ಥವಾಗುತ್ತದಲ್ಲ ಎಂದರು. ಆ ಮಾತಿನಲ್ಲಿ ದ್ವೇಷವಿರಲಿಲ್ಲ, ಸಮಯದ ಲೆಕ್ಕಾಚಾರವಿತ್ತು. ಹೊಸ ಭಾಷೆಯಲ್ಲಿ ಪ್ರಶ್ನಾವಳಿ ಸಿದ್ಧಪಡಿಸುವುದೆಂದರೆ ಕನಿಷ್ಠ ಒಂದು ತಿಂಗಳು ಹೋಗುತ್ತದೆ, ಪ್ರಬಂಧ ಒಪ್ಪಿಸುವ ದಿನ ಮುಂದೆ ಹೋಗುವುದಿಲ್ಲ.

ವಿದ್ಯಾರ್ಥಿನಿ ವಾದಕ್ಕಿಳಿಯಲಿಲ್ಲ, ನಿಯಮವನ್ನು ತೆರೆದಿಟ್ಟಳು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ, ಅಧ್ಯಯನದಲ್ಲಿ ಪಾಲುಗೊಳ್ಳುವವರಿಗೆ ಎಲ್ಲ ವಿವರವನ್ನೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಓದುಬರಹ ಬಾರದವರಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು. ಒಪ್ಪಿಗೆ ಎಂಬುದು ಸಹಿಯಲ್ಲ, ತಿಳಿವಳಿಕೆ. ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ಮಲಯಾಳ ಬರುವವಳಿಗೆ, ತನ್ನ ಮಗುವಿನ ವೈದ್ಯಕೀಯ ಮಾಹಿತಿಯನ್ನು ಯಾರು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬ ವಾಕ್ಯ ಮಲಯಾಳದಲ್ಲಿ ಅರ್ಥವಾಗಬೇಕೆಂದಿಲ್ಲ.

ಈ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಅಲ್ಲಿನ ಸರಕಾರದ ಆರೋಗ್ಯ ಇಲಾಖೆಯೇ 1932ರಲ್ಲಿ ಒಂದು ಅಧ್ಯಯನ ಆರಂಭಿಸಿತು. 600 ಮಂದಿ ಕರಿಯ ಜನಾಂಗದ ಬಡ ಪುರುಷರು ಅದರಲ್ಲಿದ್ದರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. ಅವರಿಗೆ ರೋಗದ ಹೆಸರನ್ನು ಹೇಳಲಿಲ್ಲ. ಆ ಊರಿನಲ್ಲಿ ನಾನಾ ಕಾಯಿಲೆಗಳಿಗೆ ಬಳಕೆಯಲ್ಲಿದ್ದ ‘ಕೆಟ್ಟ ರಕ್ತ’ ಎಂಬ ಮಾತನ್ನೇ ಹೇಳಿ, ಅದಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆಂದು ನಂಬಿಸಿದರು. ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆಯುವ ತನಕ, 40 ವರ್ಷ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತರು. ಇಂದಿನ ಒಪ್ಪಿಗೆ ಪತ್ರದ ಹಿಂದೆ ಆ ಮನುಷ್ಯರಿದ್ದಾರೆ. ಜನರಾಡುವ ಒಂದು ಪದದ ಅಸ್ಪಷ್ಟತೆಯನ್ನು ಸಂಶೋಧಕರು ತಮ್ಮ ಅನುಕೂಲಕ್ಕೆ ಬಳಸಿಕೊಂಡದ್ದು ಆ ಅನ್ಯಾಯದ ಒಂದು ಭಾಗವೇ ಆಗಿತ್ತು.

ನೈತಿಕ ಸಮಿತಿ ಕನ್ನಡದ ಒಪ್ಪಿಗೆ ಪತ್ರಕ್ಕೂ ಕನ್ನಡದ ಪ್ರಶ್ನಾವಳಿಗೂ ಅನುಮತಿ ನೀಡಿತು. ಆದರೆ ಅನುವಾದಕ್ಕೆ ಸಿಕ್ಕಿದ ಸಮಯ ಕಡಿಮೆ. ಪ್ರಶ್ನಾವಳಿಯ ಮುಖ್ಯ ಭಾಗ ಝಾರಿಟ್ ಮಾಪಕ ಎಂಬ 22 ಪ್ರಶ್ನೆಗಳ ಸರಣಿ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 88. ವೃದ್ಧರನ್ನು ನೋಡಿಕೊಳ್ಳುವವರಿಗಾಗಿ ಅಮೆರಿಕದಲ್ಲಿ ರೂಪುಗೊಂಡು ಜಗತ್ತಿನೆಲ್ಲೆಡೆ ಬಳಕೆಯಾಗುತ್ತಿರುವ ಮಾಪಕ ಅದು. ಅದರ ಜೊತೆಗೆ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಇನ್ನಷ್ಟು ಪ್ರಶ್ನೆಗಳಿದ್ದವು. ಇವುಗಳ ಮೊದಲ ಕನ್ನಡ ಕರಡನ್ನು ಎರಡೂ ಭಾಷೆ ಬಲ್ಲ ಪರಿಚಿತರೊಬ್ಬರು ಮಲಯಾಳದಿಂದ ಒಂದೇ ರಾತ್ರಿಯಲ್ಲಿ ಮಾಡಿಕೊಟ್ಟರು.

ಕರಡನ್ನು ಪರೀಕ್ಷಿಸಲು ಕೆಲವು ಮನೆಗಳಿಗೆ ಹೋದಾಗ ಸಮಸ್ಯೆ ಹೊರಬಿತ್ತು. ‘ಕಳೆದ ಒಂದು ತಿಂಗಳಲ್ಲಿ ನಿಮಗೆ ಎಷ್ಟು ಸಲ ಸಂಕಟವಾಗಿದೆ?’ ಎಂಬ ಪ್ರಶ್ನೆಗೆ ಒಬ್ಬ ತಾಯಿ ಸ್ವಲ್ಪ ಯೋಚಿಸಿ, “ಸಂಕಟ ಅಂತ ಏನಿಲ್ಲ ಮಗಳೇ, ಗ್ಯಾಸ್ಟ್ರಿಕ್ ಸ್ವಲ್ಪ ಉಂಟು. ಬೆಳಿಗ್ಗೆ ಚಾ ಕುಡಿದ ಮೇಲೆ ಹೊಟ್ಟೆ ಉರಿ” ಎಂದಳು. ಅವಳ ಉತ್ತರದ ಎದುರು ಸೊನ್ನೆ ಬರೆಯಬೇಕಾಗಿತ್ತು. ಮಲಯಾಳದಲ್ಲಿ ಸಂಕಟವೆಂದರೆ ದುಃಖ. ಕನ್ನಡದ ಸಂಕಟಕ್ಕೆ ಮನಸ್ಸಿನ ಅರ್ಥವೂ ಇದೆ. ಆದರೆ ಆರೋಗ್ಯ ವಿಚಾರಿಸಲು ಬಂದವರು ಕೇಳಿದಾಗ ಕೈ ಮೊದಲು ಹೊಟ್ಟೆಯ ಕಡೆ ಹೋಗುತ್ತದೆ. ಅದೇ ತಾಯಿ ಅದಾಗಿ ಹತ್ತು ನಿಮಿಷಕ್ಕೆ, ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಮಗನ ತಲೆ ಬಾಚುತ್ತ, ತಾನು ಸತ್ತರೆ ಇವನಿಗೆ ಯಾರು ಎಂದು ರಾತ್ರಿಯಿಡೀ ಎಚ್ಚರವಿರುತ್ತೇನೆ ಎಂದು ಹೇಳಿ ಕಣ್ಣೊರೆಸಿಕೊಂಡಳು. ಕಾಗದದಲ್ಲಿ ಅವಳು ದುಃಖವಿಲ್ಲದ ಹೆಂಗಸು.

ಕರಡನ್ನು ಸಾಲುಸಾಲಾಗಿ ನೋಡಿದಾಗ ಇಂತಹ ಪದಗಳು ಇನ್ನೂ ಸಿಕ್ಕವು. ಮಲಯಾಳದ ‘ಕ್ಷೀಣ’ ಸಾಮಾನ್ಯ ದಣಿವು. ಕನ್ನಡಿಗರಿಗೆ ಕ್ಷೀಣವೆಂದರೆ ಸೊರಗಿ ಕೃಶವಾಗುವುದು. ದಿನವಿಡೀ ದಣಿಯುವ ಗಟ್ಟಿಮುಟ್ಟಾದ ಹೆಂಗಸು ‘ಕ್ಷೀಣ ಇಲ್ಲ’ ಎಂದೇ ಹೇಳುತ್ತಾಳೆ. ಮಲಯಾಳದ ‘ಅವಸರ’ ಎಂದರೆ ಅವಕಾಶ. ಕನ್ನಡದಲ್ಲಿ ಅದು ಗಡಿಬಿಡಿ. ಮದುವೆ ಸಮಾರಂಭಗಳಿಗೆ ಹೋಗಲು ಅವಸರವಿದೆಯೇ ಎಂದು ಕೇಳಿದರೆ ಯಾವ ತಾಯಿಯಾದರೂ ಏನು ಹೇಳಬೇಕು? ಲಿಪಿ ಕನ್ನಡದ್ದಾದ ಮಾತ್ರಕ್ಕೆ ಮಾತು ಕನ್ನಡವಾಗುವುದಿಲ್ಲ. ಸರಕಾರಿ ನಮೂನೆಗಳನ್ನು ತುಂಬಿಸುವ ಕಾಸರಗೋಡಿನ ಕನ್ನಡಿಗರಿಗೆ ಇದು ಹೊಸ ಅನುಭವವಲ್ಲ. ಆದರೆ ಇಲ್ಲಿ ತಪ್ಪು ತುಂಬಿದ ನಮೂನೆ ತಿರುಗಿ ಬರುವುದಿಲ್ಲ, ಅಂಕಿಯಾಗಿ ಗಣಕಯಂತ್ರದೊಳಗೆ ಸೇರುತ್ತದೆ. ಅಲ್ಲಿಂದ ಮುಂದೆ ಅದನ್ನು ಯಾರೂ ಅನುಮಾನಿಸುವುದಿಲ್ಲ.

ಇದಕ್ಕೆ ಶಾಸ್ತ್ರದೊಳಗೇ ಪರಿಹಾರವಿದೆ. ಒಬ್ಬರು ಅನುವಾದಿಸಿದ್ದನ್ನು, ಮೂಲವನ್ನು ಕಾಣದ ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ತರಬೇಕು. ಆಮೇಲೆ ಎರಡು ಇಂಗ್ಲಿಷ್ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ವಿದ್ಯಾರ್ಥಿನಿ ತಾನು ಕಲಿತ ಶಾಲೆಯ ನಿವೃತ್ತ ಅಧ್ಯಾಪಿಕೆಯೊಬ್ಬರ ನೆರವು ಪಡೆದು, ಇಂಗ್ಲಿಷ್ ಮೂಲದಿಂದಲೇ ಹೊಸ ಕನ್ನಡ ಪಾಠ ಸಿದ್ಧಪಡಿಸಿದಳು. ಸಂಕಟವನ್ನು ತೆಗೆದು ‘ಬೇಸರ’ ಎಂದು ಹಾಕಿದರು. ಮರಳಿ ಇಂಗ್ಲಿಷಿಗೆ ಹೋದಾಗ ಆ ಬೇಸರ ಹೊತ್ತು ಹೋಗದ ಬೇಸರವಾಗಿ ಹಿಂದಿರುಗಿತು. ಕನ್ನಡದಲ್ಲಿ ದುಃಖಕ್ಕೂ ಬೇಸರ, ಕೆಲಸವಿಲ್ಲದೆ ಕುಳಿತದ್ದಕ್ಕೂ ಬೇಸರ. ಈ ತಾಯಂದಿರಿಗೆ ಹೊತ್ತು ಹೋಗದ ಸಮಸ್ಯೆಯಂತೂ ಇರಲಿಲ್ಲ. ಅಂತಿಮವಾಗಿ ‘ಮನಸ್ಸಿಗೆ ಬೇಜಾರಾಗಿ ಅಳು ಬಂದಂತಾಗುವುದು’ ಎಂಬ ಉದ್ದದ ವಾಕ್ಯವೇ ನಿಂತಿತು. ದಣಿವಿಗೆ ‘ಬಚ್ಚುವುದು’ ಎಂಬ ಊರಿನ ಪದವನ್ನೂ ಸೇರಿಸಿಕೊಂಡರು. ತುಳು ಮನೆಮಾತಿನವರಿಗೆ ‘ಬಚ್ಚುಂಡು’ ಎಂದರೆ ಸಾಕು. ಏಳು ಭಾಷೆಗಳ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೊಗಳಿಸಿಕೊಳ್ಳುವ ನಾಡಿನಲ್ಲಿ ಆರೋಗ್ಯ ವಿಚಾರಿಸುವುದಕ್ಕೆ ಇಷ್ಟು ಶ್ರಮ ಬೇಕು.

ಮನೆಭೇಟಿಗಳು ಆರಂಭವಾದವು. ಜೊತೆಗೆ ಸ್ಥಳೀಯ ಆಶಾ ಕಾರ್ಯಕರ್ತೆ ದಾರಿ ತೋರಿಸಲು ಬರುತ್ತಿದ್ದಳು. ಆದರೆ ಪ್ರಶ್ನೆ ಕೇಳುವಾಗ ಅವಳು ಅಂಗಳದಲ್ಲೇ ಉಳಿಯಬೇಕೆಂಬುದು ನಿಯಮ. ಪರಿಚಿತರ ಎದುರು ಗಂಡನ ಕುಡಿತದ ಮಾತು, ಸಾಲದ ಮಾತು, ಮನಸ್ಸಿನ ಮಾತು ಬಾಯಿಗೆ ಬರುವುದಿಲ್ಲ. ಕಾಗದದ ಮೇಲೆ ಹೆಸರಿಲ್ಲ, ಕೇವಲ ಸಂಖ್ಯೆ. ಯಾವ ಸಂಖ್ಯೆ ಯಾರದೆಂಬ ಪುಸ್ತಕ ಬೇರೆ ಕಪಾಟಿನಲ್ಲಿ ಬೀಗದೊಳಗೆ.

ಮಾಪಕದಲ್ಲಿ, ಆರೈಕೆಯ ನಡುವೆ ನಿಮಗಾಗಿ ಸಮಯ ಉಳಿಯುತ್ತದೆಯೇ ಎಂಬರ್ಥದ ಪ್ರಶ್ನೆಯೊಂದಿದೆ. ಭಾಷೆ ಸರಿಯಾಗಿತ್ತು. ಆದರೂ ಹಲವರು ತಡವರಿಸಿದರು. ಒಬ್ಬಳಂತೂ, “ನನಗಾಗಿ ಅಂದ್ರೆ ಎಂತ?” ಎಂದು ನಿಜವಾದ ಕುತೂಹಲದಿಂದ ಕೇಳಿದಳು. ಬೀಡಿ ಕಟ್ಟುವ ಸಮಯ ತನಗಾಗಿಯೋ? ಬಟ್ಟೆ ಒಗೆಯಲು ತೋಡಿಗೆ ಹೋಗುವ ಅರ್ಧ ಗಂಟೆ ತನಗಾಗಿಯೋ? ಇಂತಹ ಕಡೆಗಳಲ್ಲಿ ಸಂಶೋಧಕಿ ಉದಾಹರಣೆ ಕೊಟ್ಟು ಉತ್ತರವನ್ನು ತನಗೆ ಬೇಕಾದ ಕಡೆಗೆ ಎಳೆಯುವಂತಿಲ್ಲ. ಅವಳು ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ, ಬಂದ ಉತ್ತರವನ್ನು ಗುರುತಿಸಿ, ಕಾಗದದ ಅಂಚಿನಲ್ಲಿ ‘ಪ್ರಶ್ನೆ ಅರ್ಥವಾಗಲು ಕಷ್ಟ’ ಎಂದು ಬರೆದಳು. ಆ ಅಂಚಿನ ಬರಹಗಳು ಕೊನೆಗೆ ಪ್ರಬಂಧದ ಒಂದು ಪುಟವಾದವು.

ಒಂದು ಮನೆಯ ಹಿರಿಯ ಹೆಂಗಸು ಕುಳ್ಳಿರಿಸಿ ಮಜ್ಜಿಗೆ ಕೊಟ್ಟಳು, ಒಪ್ಪಿಗೆ ಪತ್ರವನ್ನು ಪೂರ್ತಿ ಓದಿಸಿ ಕೇಳಿದಳು, ಕೊನೆಗೆ ಇಲ್ಲವೆಂದಳು. “ಎಷ್ಟು ಸಲ ಬರೆದುಕೊಂಡು ಹೋಗ್ಲಿಕ್ಕುಂಟು ಮಗಳೇ? ಮೊದಲು ಬಂದವರೂ ಒಳ್ಳೆಯವರೇ. ನೀನೂ ಒಳ್ಳೆಯವಳೇ. ಆದರೆ ಇನ್ನು ನಾನು ಹೇಳುವುದಿಲ್ಲ.” ಒಪ್ಪಿಗೆ ಪತ್ರದಲ್ಲಿ, ಪಾಲುಗೊಳ್ಳದಿದ್ದರೆ ನಿಮಗೆ ಸಿಗುವ ಯಾವ ಸವಲತ್ತಿಗೂ ತೊಂದರೆಯಾಗುವುದಿಲ್ಲ ಎಂಬ ಸಾಲಿತ್ತು. ಅದನ್ನು ಕನ್ನಡದಲ್ಲಿ ಓದಿ ಕೇಳಿದ್ದರಿಂದಲೇ ಆಕೆಗೆ ನಿರಾಕರಿಸಲು ಧೈರ್ಯ ಬಂತು. ಅರ್ಥವಾಗುವ ಭಾಷೆಯಲ್ಲಿ ಕೇಳಿದರೆ ಒಪ್ಪಿಗೆ ಹೆಚ್ಚುತ್ತದೆಂದು ಹೇಳಲಾಗದು. ಇಲ್ಲ ಎನ್ನುವ ಹಕ್ಕು ನಿಜವಾಗುತ್ತದೆಂದು ಹೇಳಬಹುದು. ವಿದ್ಯಾರ್ಥಿನಿ ಕೃತಜ್ಞತೆ ಹೇಳಿ ಎದ್ದಳು. ಪಕ್ಕದ ಮನೆಯವರು ಮಾತಾಡಲು ಸಿದ್ಧರಿದ್ದರೂ ಅವರನ್ನು ಈ ಮನೆಯ ಬದಲಿಗೆ ಸೇರಿಸುವಂತಿರಲಿಲ್ಲ. ನಿರಾಕರಣೆಯೂ ಒಂದು ಮಾಹಿತಿ. ಬಳಲಿ ಬೇಸತ್ತವರೇ ಹೆಚ್ಚಾಗಿ ಬಾಗಿಲು ಮುಚ್ಚುವವರಾದರೆ, ಉಳಿದವರ ಸರಾಸರಿ ಸತ್ಯಕ್ಕಿಂತ ಹಗುರವಾಗಿ ಕಾಣುತ್ತದೆ. ಎಷ್ಟು ಮನೆಗಳು ಒಲ್ಲೆವೆಂದವು ಎಂದು ಬರೆಯದ ಅಧ್ಯಯನವನ್ನು ಬಲ್ಲವರು ನಂಬುವುದಿಲ್ಲ.

ಇದಕ್ಕಿಂತ ಕಠಿಣವಾದ ಘಳಿಗೆ ಇನ್ನೊಂದು ಮನೆಯಲ್ಲಿ ಬಂತು. ಅಲ್ಲಿನ ಮಗಳು ಹುಟ್ಟಿನಿಂದ ಹಾಸಿಗೆಯಲ್ಲಿದ್ದಳು. ಆದರೆ ಹೆಸರು ಸಂತ್ರಸ್ತರ ಪಟ್ಟಿಯಲ್ಲಿರಲಿಲ್ಲ. ತಾಯಿ ಉತ್ತರಗಳನ್ನೆಲ್ಲ ಕೊಟ್ಟ ಮೇಲೆ, “ಇದಕ್ಕೆ ಎಂಡೋಸಲ್ಫಾನೇ ಕಾರಣ ಅಂತ ನೀವು ಬರೆದು ಕೊಡಿ ಟೀಚರೇ, ನಾನು ಅದನ್ನು ಆಫೀಸಿಗೆ ಕೊಡ್ತೇನೆ” ಎಂದಳು. ಬರೆದುಕೊಡಲು ವಿದ್ಯಾರ್ಥಿನಿಗೆ ಅಧಿಕಾರವಿರಲಿಲ್ಲ, ಅದಕ್ಕಿಂತ ಮುಖ್ಯವಾಗಿ ಆಧಾರವಿರಲಿಲ್ಲ. ಒಂದೇ ಕಾಲದಲ್ಲಿ ಒಮ್ಮೆ ಮಾತ್ರ ಕೇಳಿ ಮುಗಿಸುವ ಅಧ್ಯಯನ ಕಾರಣವನ್ನು ಸ್ಥಾಪಿಸಲಾರದು; ಈಗ ಭಾರವೆಷ್ಟಿದೆ ಎಂದಷ್ಟೇ ಹೇಳಬಲ್ಲದು. ಈ ಮಾತನ್ನು ತರಗತಿಯಲ್ಲಿ ಪರೀಕ್ಷೆಗಾಗಿ ಬರೆಯುವುದು ಬೇರೆ, ಹಾಸಿಗೆಯ ಪಕ್ಕದಲ್ಲಿ ಕುಳಿತು ತಾಯಿಯ ಮುಖ ನೋಡಿ ಹೇಳುವುದು ಬೇರೆ. ಅವಳು ಹೇಳಿದಳು. ಸುಳ್ಳು ಭರವಸೆ ಕೊಟ್ಟು ಎದ್ದುಹೋದವರ ಸಾಲಿಗೆ ಸೇರುವುದು ಅವಳಿಗೆ ಬೇಡವಾಗಿತ್ತು.

ಇಲ್ಲಿ ಶಾಸ್ತ್ರಕ್ಕೂ ಕಾನೂನಿಗೂ ಇರುವ ಅಂತರವನ್ನು ತಿಳಿಯಬೇಕು. ಎಪಿಡೆಮಿಯಾಲಜಿ ಮಾತಾಡುವುದು ಗುಂಪಿನ ಬಗ್ಗೆ: ಇಂತಹ ಊರಿನಲ್ಲಿ ಇಂತಹ ರೋಗ ಇತರೆಡೆಗಿಂತ ಹೆಚ್ಚು. ಪರಿಹಾರದ ಕಚೇರಿ ಕೇಳುವುದು ಒಂದು ಮಗುವಿನ ಬಗ್ಗೆ: ಇವಳಿಗೆ ಆದದ್ದು ಅದರಿಂದಲೇ ಹೌದೇ? ಮೊದಲನೆಯದಕ್ಕೆ ಎಷ್ಟು ಬಲವಾದ ಉತ್ತರ ಸಿಕ್ಕಿದರೂ ಎರಡನೆಯದಕ್ಕೆ ಅದರಿಂದ ನೇರ ಉತ್ತರ ಬರುವುದಿಲ್ಲ. ಈ ಬಿರುಕಿನಲ್ಲಿ ಬಡವರು ಬೀಳದಂತೆ ನೋಡಿಕೊಳ್ಳುವುದಕ್ಕೇ ಮುನ್ನೆಚ್ಚರಿಕೆಯ ತತ್ವವಿರುವುದು. ಹಾನಿಯ ಗಂಭೀರ ಶಂಕೆಯಿರುವಾಗ ಪೂರ್ಣ ಪುರಾವೆ ಸಿಗುವ ತನಕ ಕಾಯಬೇಕಾಗಿಲ್ಲ ಎಂಬುದು ಅದರ ಸಾರ. 2011ರ ತಡೆಯಾಜ್ಞೆಗೆ ಸುಪ್ರೀಂ ಕೋರ್ಟ್ ಆಧಾರವಾಗಿಟ್ಟುಕೊಂಡದ್ದು ಈ ತತ್ವವನ್ನು ಮತ್ತು ಜೀವದ ಹಕ್ಕನ್ನು ಸಾರುವ ಸಂವಿಧಾನದ 21ನೆಯ ವಿಧಿಯನ್ನು.

ವಿದ್ಯಾರ್ಥಿನಿ ಆ ತಾಯಿಯನ್ನು ಬರಿಗೈಯಲ್ಲಿ ಬಿಡಲಿಲ್ಲ. ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ ಅವಳು ಒಂದು ಪುಟದ ಕನ್ನಡ ಮಾಹಿತಿಪತ್ರ ಮಾಡಿಟ್ಟಿದ್ದಳು. ಪ್ರತಿ ಮನೆಗೂ ಕೊಟ್ಟು ಬರುತ್ತಿದ್ದಳು. ಮಲಗಿದಲ್ಲೇ ಇರುವವರನ್ನು ನೋಡಿಕೊಳ್ಳುವವರಿಗಾಗಿ ‘ಆಶ್ವಾಸಕಿರಣಂ’ ಎಂಬ ಸರಕಾರಿ ಯೋಜನೆಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಸೆಕ್ಷನಿನ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಅದಕ್ಕೆ ಆದಾಯದ ಮಿತಿಯಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಈ ಪುಟವನ್ನು ಓದಿದ ಆ ತಾಯಿ ಅದನ್ನು ಮಡಚಿ ರೇಷನ್ ಕಾರ್ಡಿನೊಳಗೆ ಇಟ್ಟಳು.

ಪ್ರಬಂಧ ನಿಗದಿತ ದಿನಕ್ಕೆ ಸಲ್ಲಿಕೆಯಾಯಿತು. ಅದು ಇಂಗ್ಲಿಷಿನಲ್ಲಿದೆ, ರಟ್ಟು ಕಟ್ಟಿಸಿದ ಒಂದು ಪ್ರತಿ ಗ್ರಂಥಾಲಯದ ಕಪಾಟಿನಲ್ಲಿದೆ. ಅದರಲ್ಲಿ ಜಗತ್ತನ್ನು ಬೆರಗಾಗಿಸುವ ಸಂಗತಿಯಿಲ್ಲ. ಮಗನ ತೂಕ ಹೆಚ್ಚಿದಂತೆ ತಾಯಿಯ ಬೆನ್ನುನೋವು ಹೆಚ್ಚುವುದು, ಹಗಲು ಮಕ್ಕಳನ್ನು ಬಡ್ಸ್ ಶಾಲೆಗೆ ಕಳುಹಿಸಲು ಸಾಧ್ಯವಾದ ತಾಯಂದಿರ ಮನಸ್ಸು ತುಸು ಹಗುರವಾಗಿರುವುದು, ವಾಹನ ಹೋಗದ ಮನೆಗಳಿಗೆ ಆ ಅನುಕೂಲ ತಲುಪದಿರುವುದು ಮುಂತಾದ, ಊರಿನವರಿಗೆ ಮೊದಲೇ ಗೊತ್ತಿದ್ದ ಮಾತುಗಳು ಅಲ್ಲಿವೆ. ಗೊತ್ತಿದ್ದದ್ದನ್ನು ಲೆಕ್ಕವಾಗಿ ಬರೆಯುವುದರಿಂದ ಏನಾಯಿತು ಎಂದು ಕೇಳಬಹುದು. ಪಂಚಾಯತಿನ ಸಭೆಯಲ್ಲಿ ‘ಪಾಪ, ಅವರಿಗೆ ಕಷ್ಟ’ ಎಂಬ ಮಾತಿಗೆ ನಡಾವಳಿಯಲ್ಲಿ ಜಾಗವಿಲ್ಲ. ಇಂತಹ ವಾರ್ಡಿನ ಇಷ್ಟು ಮನೆಗಳಿಗೆ ವಾಹನವಿಲ್ಲ ಎಂಬುದಕ್ಕೆ ಇದೆ.

ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದ ಮನೆಗಳಲ್ಲಿ, ಮುಂದೆ ಇವರಿಗೆ ದಾರಿ ಯಾವುದು ಎಂಬ ಚಿಂತೆ ಸಹಜ. ಈ ಓದಿಗೆ ವೈದ್ಯರೇ ಆಗಬೇಕೆಂದಿಲ್ಲ. ಹಲವು ವಿಶ್ವವಿದ್ಯಾಲಯಗಳು ನರ್ಸಿಂಗ್, ದಂತವೈದ್ಯ, ಆಯುರ್ವೇದ, ವಿಜ್ಞಾನ, ಸಮಾಜಕಾರ್ಯದ ಪದವೀಧರರನ್ನೂ ಸೇರಿಸಿಕೊಳ್ಳುತ್ತವೆ. ಇಂಗ್ಲಿಷ್ ಕಲಿಯಲೇಬೇಕು, ಮಲಯಾಳವೂ ಬೇಕು, ಗಣಿತದ ಭಯ ಬಿಡಬೇಕು. ಆದರೆ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳ ಮನೆಯ ಜಗಲಿಯಲ್ಲಿ ಕುಳಿತು ಯಾವ ಪದ ಹೊಟ್ಟೆಯದು, ಯಾವ ಪದ ಮನಸ್ಸಿನದು ಎಂದು ತಿಳಿಯುವ ವಿದ್ಯೆಯನ್ನು ಆ ವಿದ್ಯಾರ್ಥಿನಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಅದು ಅವಳ ಊರು ಮತ್ತು ಶಾಲೆ ಕೊಟ್ಟದ್ದು. ತರಗತಿಯಲ್ಲಿ ಇಂಗ್ಲಿಷ್ ತಡವರಿಸಿದ ದಿನಗಳಲ್ಲಿ ಅದೇ ಶಾಲೆಯನ್ನು ಅವಳು ಕೊರತೆಯೆಂದು ಭಾವಿಸಿದ್ದಳು.

ಪದವಿ ಬಂದ ಮೇಲೆ, ಯಾವ ನಿಯಮವೂ ಒತ್ತಾಯಿಸದಿದ್ದರೂ, ಅವಳು ಪ್ರಬಂಧದ ಸಾರವನ್ನು ಎರಡು ಪುಟಗಳ ಕನ್ನಡದಲ್ಲಿ ಬರೆ‍ದು ಊರಿನ ವಾಚನಾಲಯದಲ್ಲಿ ಓದಿ ಹೇಳಿದಳು. ಬಂದವರು ಹೆಚ್ಚಿರಲಿಲ್ಲ. ಮಜ್ಜಿಗೆ ಕೊಟ್ಟು ಇಲ್ಲವೆಂದಿದ್ದ ಹಿರಿಯ ಹೆಂಗಸು ಹಿಂದಿನ ಬೆಂಚಿನಲ್ಲಿದ್ದಳು. ಓದಿ ಮುಗಿದಾಗ, “ನಮ್ಮ ಮನೆಯ ಲೆಕ್ಕ ಇದರಲ್ಲಿ ಇಲ್ಲ ಅಲ್ವಾ?” ಎಂದು ಕೇಳಿದಳು.

“ಉಂಟು ಅಮ್ಮಾ. ಒಪ್ಪದ ಮನೆಗಳು ಇಷ್ಟು ಅಂತ ಬರೆದದ್ದರಲ್ಲಿ ನಿಮ್ಮದೂ ಒಂದು.”

ಹೆಂಗಸು ಆ ಎರಡು ಪುಟಗಳನ್ನು ಕೇಳಿ ಪಡೆದು, ಮೊಮ್ಮಗಳ ಕೈಯಲ್ಲಿ ಮನೆಯಲ್ಲಿ ಇನ್ನೊಮ್ಮೆ ಓದಿಸುತ್ತೇನೆಂದು ಹೇಳಿ ಹೊರಟಳು. ಮೊಮ್ಮಗಳು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ.

ಪರಿಷ್ಕರಿಸಿದ ಕನ್ನಡ ಪ್ರಶ್ನಾವಳಿಯ ಒಂದು ಪ್ರತಿ ವಿಭಾಗದಲ್ಲಿದೆ. ಮುಂದಿನ ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಅಧ್ಯಯನಕ್ಕಾಗಿ ಅದನ್ನು ಕೇಳಿ ಪಡೆದಿದ್ದಾನೆ.